ನೂರ ಹದಿಮೂರನೇ ಬಿಲ್ಲೆ

ವರ್ತೂರು
26 ಜೂನ್ 2025

ನೀಲೂ,

ಕಾಗದ ನೋಡಿ ನಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಮಾತಾಡಲು ನನ್ನಿಂದ ಆಗುವುದಿಲ್ಲ. ಗಂಟಲು ಕಟ್ಟಿ ಇವತ್ತಿಗೆ ಹನ್ನೆರಡು ದಿನ. ಒಂದು ತಿಂಗಳು ಪಿಸುಮಾತು ಕೂಡ ಆಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮನಿಗಂತೂ ಇದು ಹಬ್ಬ. "ನೀನು ಉಟ್ಟಿದಾಗಿಂದ ಈ ಮನೆ ಇಷ್ಟು ತಣ್ಗಿದ್ದಿದ್ದೇ ಇಲ್ಲ ಕಣೇ" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ನೀನು ಬಿ ಶಿಫ್ಟಿಗೆ ಹಾಕಿಸಿಕೊಂಡಿದ್ದು ಸೋಮವಾರ ಗೊತ್ತಾಯಿತು, ಅದೂ ದೀಪು ಹೇಳಿ. ಎರಡು ಗಂಟೆಗೆ ನಾನು ಮಾತ್ರೆ ಪ್ಯಾಕ್ ಮಾಡುವ ಹಾಲಿನಿಂದ ಹೊರಗೆ ಬರುವಷ್ಟರಲ್ಲಿ ನೀನು ಆಚೆ ಬಾಗಿಲಿನಿಂದ ಒಳಗೆ ಹೋಗಿರುತ್ತೀಯ. ಚೆನ್ನಾಗಿ ಲೆಕ್ಕ ಹಾಕಿದ್ದೀಯ. ಆದರೆ ನಮ್ಮಿಬ್ಬರಿಗೂ ಇರುವುದು ಒಂದೇ ಲಾಕರ್, ಎರಡು ಬೀಗದ ಕೈ ಎಂಬುದನ್ನು ಮರೆತೆ. ಆದ್ದರಿಂದ ನಿನ್ನ ಚಪ್ಪಲಿಯ ಮೇಲೆ ಈ ಕಾಗದ.

ನನ್ನ ತಲೆ ಕೆಟ್ಟು ಹೋಗಿದೆ. ಆವತ್ತು ಬೆಟ್ಟದಲ್ಲಿ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನಗೆ ತಿಳಿದ ಹಾಗೆ ಮೊದಲಿನಿಂದ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ಶನಿವಾರ ನಮ್ಮ ಯುನಿಟ್ಟಿನಿಂದ ಒಂಬತ್ತು ಜನ ಹೊರಟೆವು. ಒಂದು ಟೆಂಪೊ, ಒಂದು ಕಾರು. ಕನಕಪುರದ ಆಚೆಯ ಹದ್ದಿನಕಲ್ಲು ಬೆಟ್ಟ ಹತ್ತಿ, ಮೇಲೆ ಡೇರೆ ಹಾಕಿ ಮಲಗಿ, ಭಾನುವಾರ ಸೂರ್ಯ ಹುಟ್ಟುವುದನ್ನು ನೋಡಿ ಇಳಿಯುವುದು ಹರ್ಷವರ್ಧನನ ಯೋಜನೆ. ಅವನೋ ಸೇಫ್ಟಿ ವಿಭಾಗದವನು, ಪಿಕ್ನಿಕ್ಕಿಗೂ ಡ್ರಿಲ್ ಬೇಕು. ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ಬಿಲ್ಲೆಗಳ ಬೋರ್ಡ್ ಇದೆಯಲ್ಲ, ಒಳಗೆ ಹೋಗುವಾಗ ನಮ್ಮ ನಮ್ಮ ನಂಬರಿನ ಬಿಲ್ಲೆ ಹಾಕಿ, ಬರುವಾಗ ತೆಗೆದು, ಬೆಂಕಿ ಬಿದ್ದರೆ ಒಳಗೆ ಎಷ್ಟು ಜನ ಉಳಿದರು ಎಂದು ಬಿಲ್ಲೆ ಎಣಿಸಿ ಹೇಳುವುದು, ಅದನ್ನೇ ಬೆಟ್ಟಕ್ಕೂ ತಂದ. ಸ್ಟೋರಿನಲ್ಲಿ ಬಿದ್ದಿದ್ದ ಹಳೆಯ ಬಿಲ್ಲೆಗಳನ್ನು ಹಂಚಿದ. ಕೆಳಗೆ ಇಳಿದು ಬಂದವರು ಟೆಂಪೊ ಬಾಗಿಲಿನ ದಾರಕ್ಕೆ ತಮ್ಮ ಬಿಲ್ಲೆ ಹಾಕಬೇಕು. ಒಂಬತ್ತು ಬಿಲ್ಲೆ ತೂಗಿದರೆ ಒಂಬತ್ತು ಜನ ಬಂದ ಹಾಗೆ. "ಸಕ್ಕತ್ ಐಡಿಯಾ ಗುರು" ಎಂದು ನಾವೆಲ್ಲ ಹೊಗಳಿದೆವು.

ಮೂರು ಗಂಟೆಗೆ, ಅರ್ಧ ಬೆಟ್ಟ ಹತ್ತಿರುವಾಗ, ಆಕಾಶ ಕಪ್ಪಾಯಿತು. ಆಲಿಕಲ್ಲು ಬಿತ್ತು. ಎಲ್ಲರೂ ಚೆಲ್ಲಾಪಿಲ್ಲಿ. ನೀನೂ ನಾನೂ ಒಂದು ಬಂಡೆಯ ಕೆಳಗೆ ಕೂತೆವು. ಅಲ್ಲಿ ನಮ್ಮ ಮಾತು ಬೆಳೆಯಿತು. ನಾನು ಮೊದಲು ಇಳಿದೆ, ನೀನು ಆಮೇಲೆ ಬರುತ್ತೇನೆ ಎಂದೆ. ನಾಲ್ಕೂವರೆಗೆ ರಸ್ತೆಯ ಮೇಲೆ ಹಳ್ಳ ಏರುತ್ತಿದೆ ಎಂದು ಟೆಂಪೊ ಓಡಿಸುತ್ತಿದ್ದ ಮಲ್ಲಿಕ್ ಗಲಾಟೆ ಎಬ್ಬಿಸಿದ. ಹರ್ಷ ಬಿಲ್ಲೆ ಎಣಿಸಿದ. ಒಂಬತ್ತು. ಹೊರಟೆವು. ನೀನು ಕಾರಿನಲ್ಲಿದ್ದೀಯ ಎಂದು ಟೆಂಪೊದವರು, ಟೆಂಪೊದಲ್ಲಿದ್ದೀಯ ಎಂದು ಕಾರಿನವರು. ನಿನ್ನ ಫೋನು ಒದ್ದೆಯಾಗದಿರಲಿ ಎಂದು ಟೆಂಪೊದ ಚೀಲದಲ್ಲೇ ಇತ್ತು. ಹಾರೋಹಳ್ಳಿಯಲ್ಲಿ ಟೀ ಕುಡಿಯಲು ಇಳಿದಾಗ ಒಂಬತ್ತು ಲೋಟ ಬಂತು, ಒಂದು ಲೋಟ ಉಳಿಯಿತು.

ವಾಪಸ್ ಬರುವಷ್ಟರಲ್ಲಿ ಆರು ಗಂಟೆ. ನಾನು ಆ ರಸ್ತೆಯಲ್ಲಿ ಹಿಂದೆ ಮುಂದೆ ಓಡಾಡಿ ನಿನ್ನ ಹೆಸರು ಕೂಗಿದೆ. ಒಂದೂವರೆ ಗಂಟೆ. ಕೊನೆಗೆ ಹರ್ಷನ ಟಾರ್ಚಿಗೆ ನೀನು ಸಿಕ್ಕಿದೆ, ಮೇಕೆ ಕಾಯುವ ಚಿಕ್ಕಮುನಿಯಪ್ಪನವರ ಮನೆಯಲ್ಲಿ, ಕಂಬಳಿ ಹೊದ್ದುಕೊಂಡು. ನಾನು ನಿಂತು ಕೂಗುತ್ತಿದ್ದ ಜಾಗದಿಂದ ಅದು ನೂರು ಮಾರೂ ಇಲ್ಲ.

ಅದೇ ನನಗೆ ಅರ್ಥವಾಗದ್ದು. ನಿನಗೆ ಕೇಳಿಸಲಿಲ್ಲವಾ? ಲೈನಿನಲ್ಲಿ ಎಲ್ಲ ಮೆಷಿನ್ನುಗಳ ಸದ್ದನ್ನೂ ಮೀರಿ ಕೇಳಿಸುತ್ತದೆ ಎಂದು ನನಗೆ ಸೈರನ್ ಎಂದು ಹೆಸರಿಟ್ಟವಳು ನೀನು.

ವನಜಾ


ಚಂದಾಪುರ
1 ಜುಲೈ 2025

ವನಜಾ,

ಚಪ್ಪಲಿಯ ಮೇಲೆ ಕಾಗದ ಇಡಬೇಡ. ಒದ್ದೆಯಾಗಿ ಅರ್ಧ ಅಕ್ಷರ ಅಳಿಸಿಹೋಗಿತ್ತು. ಲಾಕರ್ ವಿಷಯ ನಾನು ಮರೆತಿಲ್ಲ. ಬೇರೆ ಲಾಕರ್ ಖಾಲಿ ಇಲ್ಲ ಎಂದರು, ಅಷ್ಟೇ.

ಎಲ್ಲ ಚೆನ್ನಾಗಿ ಬರೆದಿದ್ದೀಯ, ಒಂದನ್ನು ಬಿಟ್ಟು. ಕೆಳಗೆ ಇಳಿದದ್ದು ಎಂಟು ಜನ. ದಾರದಲ್ಲಿದ್ದದ್ದು ಒಂಬತ್ತು ಬಿಲ್ಲೆ. ನನ್ನ ನೂರ ಹದಿಮೂರು ತಾನಾಗಿ ನಡೆದುಕೊಂಡು ಬಂದು ಜೋತುಬಿತ್ತೇ?

ನನ್ನ ಚೂಡಿದಾರಕ್ಕೆ ಜೇಬಿಲ್ಲ. ಹತ್ತುವಾಗ ಬಿಲ್ಲೆಯನ್ನು ಯಾರ ಕೈಗೋ ಕೊಟ್ಟೆ. ಯಾರ ಕೈಗೆ ಎಂಬುದು ಒಂದು ಸಲ ಸ್ಪಷ್ಟವಾಗಿ ಕಾಣುತ್ತದೆ, ಇನ್ನೊಂದು ಸಲ ಎಲ್ಲ ಕಲಸಿಹೋಗುತ್ತದೆ. ನಿನಗೆ ಕೊಟ್ಟೆನೋ, ದೀಪುಗೋ, ತಿಂಡಿಯ ಚೀಲದಲ್ಲಿ ಹಾಕಿದೆನೋ. ಕಾರಿನಲ್ಲಿ ಬರುವಾಗ ನಾನು ಕೇಳಿದ್ದು ಒಂದೇ ಮಾತು, "ನನ್ನ ಬಿಲ್ಲಿ ಯಾರು ಹಾಕಿದ್ರಿ?" ಎಲ್ಲರೂ ಕಿಟಕಿಯ ಹೊರಗೆ ನೋಡಿದರು, ನೀನೂ ನೋಡಿದೆ.

ಅದನ್ನು ಮೊದಲು ಹೇಳು.

ಮಳೆ ಜೋರಿತ್ತು. ಕೇಳಿಸಲಿಲ್ಲ.

ನೀಲಾಂಬಿಕಾ


ವರ್ತೂರು
4 ಜುಲೈ 2025

ನೀಲೂ,

ಪೂರ್ತಿ ಹೆಸರು ಬರೆದು ಸಹಿ ಹಾಕುವಷ್ಟು ದೂರ ಹೋಗಿಬಿಟ್ಟೆಯಾ?

ನೀನು ಕೇಳಿದ್ದನ್ನು ಎಲ್ಲರಿಗೂ ಚೀಟಿ ಬರೆದು ಕೊಟ್ಟು ಕೇಳಿದೆ. ಬಾಯಿ ಇಲ್ಲದವಳು ವಿಚಾರಣೆ ಮಾಡುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಯಿತು. ದೀಪು ತಿಂಡಿ ಚೀಲ ತನ್ನ ಹತ್ತಿರ ಇರಲಿಲ್ಲ, ಪರಮಾನಂದನ ಹತ್ತಿರ ಇತ್ತು ಎಂದಳು. ಪರಮಾನಂದ, "ಚೀಲದಾಗ ಚಕ್ಕುಲಿ ಬಿಟ್ರ ಏನೂ ಇರಲಿಲ್ಲಕ್ಕಾ, ಅದೂ ತೊಯ್ದು ಮುದ್ದಿ ಆಗಿತ್ತು" ಎಂದ. ಹರ್ಷ ತಾನು ಬಿಲ್ಲೆ ನೋಡಿದೆ, ಹಾಕಿದ ಕೈ ನೋಡಲಿಲ್ಲ ಎಂದು ಒಂದು ಕಾಗದದಲ್ಲಿ ಬಾಣಗಳನ್ನು ಎಳೆದು ತೋರಿಸಿದ. ಬಾಣಗಳೆಲ್ಲ ಕೊನೆಗೆ ಮಳೆಯ ಹತ್ತಿರ ಹೋಗಿ ನಿಂತವು. ಬಾಕಿಯವರು ತಲೆ ಅಲ್ಲಾಡಿಸಿದರು. ಅಲ್ಲಾಡಿಸಿದ್ದು ಹೌದೆಂದೋ ಇಲ್ಲವೆಂದೋ, ಅದೂ ತಿಳಿಯಲಿಲ್ಲ.

ಯಾರದೋ ಕೈ ಅಭ್ಯಾಸದಿಂದ ಹಾಕಿರಬೇಕು. ಹಾಲಿನ ಬಾಗಿಲಲ್ಲಿ ನಾವೆಲ್ಲ ಒಬ್ಬರದನ್ನೊಬ್ಬರು ಹಾಕುವುದಿಲ್ಲವಾ? ನಿನ್ನ ಆ ಮೊಣಕಾಲುದ್ದದ ಜಡೆಯನ್ನು ಟೋಪಿಯೊಳಗೆ ತುರುಕುವುದಕ್ಕೆ ಹತ್ತು ನಿಮಿಷ ಬೇಕು. ನಾಲ್ಕು ವರ್ಷದಿಂದ ನಿನ್ನ ಬಿಲ್ಲೆ ಹಾಕಿದ್ದು ನಾನೇ ಅಲ್ಲವಾ? ಯಾರೂ ಯಾರನ್ನೂ ಬಿಟ್ಟು ಹೋಗಬೇಕೆಂದು ಹಾಕುವುದಿಲ್ಲ.

ಅದಿರಲಿ. ನಾನು ಆಸ್ಪತ್ರೆಯಲ್ಲಿರುವಾಗ ನಮ್ಮ ವಠಾರದ ಮೂರನೇ ನಂಬರ್ ರೂಮನ್ನು ಒಂದೇ ದಿನದಲ್ಲಿ ಖಾಲಿ ಮಾಡಿಕೊಂಡು ಹೋದೆ. ದೀಪಾವಳಿವರೆಗೂ ಇರಬಹುದು ಎಂದು ಅಪ್ಪ ಹೇಳಿದ್ದ. ಬಂಡೆಯ ಕೆಳಗೆ ನಾನು ಹೇಳಿದ್ದು ಇಷ್ಟೇ ಅಲ್ಲವಾ, ಅಪ್ಪ ಆ ಎಂಟು ರೂಮುಗಳನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿಸುತ್ತಾನೆ ಎಂದು. ಯಾವಾಗಿನಿಂದ ಗೊತ್ತಿತ್ತು ಎಂದು ನೀನು ಕೇಳಿದೆ. ಯುಗಾದಿಯಿಂದ ಎಂದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮೂರು ತಿಂಗಳು ನನ್ನ ತಾಟನ್ಯಾಗ ಉಂಡು, ಬಾಯಿ ಮುಚ್ಚಿಕೊಂಡು ಇದ್ದಿ. ಎಷ್ಟರ ಮಾಡಿದ್ರೂ ನೀ ಓನರ್ ಮಗಳ ಅದಿ" ಎಂದೆ ನೀನು. ಅದು ನನ್ನ ಎದೆಗೆ ನಾಟಿತು ಕಣೇ. "ಹಂಗಾದ್ರೆ ನೀನೂ ಬಾಡಿಗೆಯವಳ ಥರಾನೇ ಇರು ಹೋಗು" ಅಂದುಬಿಟ್ಟೆ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ, ಆದರೆ ನಿಂತು ಕ್ಷಮೆ ಕೇಳಲಿಲ್ಲ, ಇಳಿದು ಬಂದೆ.

ಹೇಳಿದರೆ ನೀನು ಹೊರಟುಹೋಗುತ್ತೀಯ ಎಂಬ ಹೆದರಿಕೆಗೆ ಹೇಳಿರಲಿಲ್ಲ. ಈಗ ಹೇಗೂ ಹೊರಟುಹೋದೆ.

ವನಜಾ


ಚಂದಾಪುರ
19 ಜುಲೈ 2025

ವನಜಾ,

ಎರಡು ವಾರ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಇವತ್ತು ಲೈನಿನಲ್ಲಿ ಒಂದು ಮಾತು ಕಿವಿಗೆ ಬಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನನ್ನು ಲೈನ್ ಲೀಡರ್ ಕೆಲಸದಿಂದ ತೆಗೆದು ಲೇಬಲ್ ನೋಡುವ ಟೇಬಲ್ಲಿಗೆ ಕೂರಿಸಿದ್ದಾರಂತೆ, ಕೂಗಲು ಆಗುವುದಿಲ್ಲ ಎಂದು. ನಿಜವೇ? ತಿಂಗಳಾಯಿತಲ್ಲ, ಇನ್ನೂ ಸರಿ ಹೋಗಿಲ್ಲವೇ? ಡಾಕ್ಟರು ಸರಿಯಾಗಿ ಏನು ಹೇಳಿದರು, ಅದನ್ನು ಬರೆ.

ನಾನು ಇಲ್ಲಿ ದುರ್ಗವ್ವ ಎಂಬವಳ ಜೊತೆ ಇದ್ದೇನೆ. ನಮ್ಮ ಹುನಗುಂದದ ಕಡೆಯವಳೇ, ಕಟ್ಟಡದ ಕೆಲಸ. ನಾನು ಬಂದ ಮೊದಲ ದಿನವೇ, "ಯಾರ ಮ್ಯಾಲ ಸಿಟ್ಟ ಮಾಡ್ಕೊಂಡ ಬಂದೀಯವಾ, ಪಾತ್ರಿ ಹಂಗ ಕುಕ್ಕಬ್ಯಾಡ" ಎಂದಳು. ಈಗ ಪಾತ್ರೆ ಮೆಲ್ಲಗೆ ಇಡುತ್ತೇನೆ.

ನೀನು ನಿನ್ನ ಕಡೆಯದು ಬರೆದೆ. ನನ್ನ ಕಡೆಯದು ಕೇಳು. ನೀನು ಇಳಿದ ಮೇಲೆ ನಾನು ಹತ್ತು ನಿಮಿಷ ಅಲ್ಲೇ ಅಳುತ್ತಾ ಕೂತಿದ್ದೆ. ಆಮೇಲೆ ಇಳಿಯಲು ಶುರು ಮಾಡಿದೆ, ಕಾಲು ಜಾರುತ್ತಿತ್ತು. ಒಂದು ತಿರುವಿನಲ್ಲಿ ಮಂಜು ಸ್ವಲ್ಪ ಸರಿದು ಕೆಳಗಿನ ರಸ್ತೆ ಕಂಡಿತು. ಟೆಂಪೊ ಹೋಗುತ್ತಿತ್ತು, ಹಿಂದೆ ಕಾರು. ಗಾಡಿ ತಿರುಗಿಸುತ್ತಿದ್ದಾರೆ ಎಂದುಕೊಂಡೆ. ದುಪಟ್ಟ ಬೀಸಿದೆ. ಗಾಡಿಗಳು ತಿರುಗಲಿಲ್ಲ, ಹೋದವು. ಮೊದಲು ನನಗೆ ನಗು ಬಂತು, ನಿಜವಾಗಿ. ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. ನಗು ನಿಂತ ಮೇಲೆ ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ. ಕಳೆದುಹೋದ ಮೇಕೆ ಹುಡುಕಿಕೊಂಡು ಚಿಕ್ಕಮುನಿಯಪ್ಪಜ್ಜ ಬಂದ. ಮೇಕೆ ಸಿಗಲಿಲ್ಲ, ನಾನು ಸಿಕ್ಕೆ. ಅರ್ಧ ಕಂಬಳಿ ಹೊದಿಸಿ ಮನೆಗೆ ಕರೆದುಕೊಂಡು ಹೋದ.

ವನಜಾ, ಮಳೆ ಬಂತು, ಹಳ್ಳ ಏರಿತು, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ನಾನು ಮೇಲಿರುವಾಗಲೇ ಕೆಳಗೆ ಬಂದಾಯಿತು ಎಂದು ಯಾರೋ ಒಬ್ಬರು ಬಿಲ್ಲೆ ಹಾಕಿದ್ದಾರೆ. ಆ ಒಬ್ಬರ ಪಕ್ಕದಲ್ಲಿ ನಿಂತು ನಾನು ದಿನಾ ಮಾತ್ರೆ ಪ್ಯಾಕ್ ಮಾಡುತ್ತಿದ್ದೇನೋ ಏನೋ. ಇದನ್ನು ಇಟ್ಟುಕೊಂಡು ನನಗೆ ಇಲ್ಲಿ ಕೆಲಸ ಮಾಡಲು ಆಗುವುದಿಲ್ಲ. ಅಭ್ಯಾಸ ಎಂದು ಬರೆದಿದ್ದೀಯ. ಯಾರ ಅಭ್ಯಾಸ?

ಗಂಟಲಿನ ವಿಷಯ ಮರೆಯದೆ ಬರೆ.

ನೀಲಾಂಬಿಕಾ


ವರ್ತೂರು
8 ಆಗಸ್ಟ್ 2025

ನೀಲೂ,

ಇವತ್ತು ವರಮಹಾಲಕ್ಷ್ಮಿ. ಡಬ್ಬಿಯಲ್ಲಿ ಒಬ್ಬಟ್ಟಿದೆ, ಅಮ್ಮ ಕೊಟ್ಟದ್ದು. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೋರಿಸಬೇಡ. ತುಪ್ಪ ಲಾಕರಿಗೆ ಚೆಲ್ಲಿದರೆ ಹರ್ಷ ವಾರಗಟ್ಟಲೆ ಭಾಷಣ ಮಾಡುತ್ತಾನೆ.

ಗಂಟಲ ವಿಷಯ ಕೇಳಿದೆಯಲ್ಲ. ಮೂಗಿನಿಂದ ಒಂದು ತೆಳ್ಳನೆಯ ಕ್ಯಾಮೆರಾ ಇಳಿಸಿ ನೋಡಿದರು. ದನಿ ಹೊರಡುವ ಜಾಗದಲ್ಲಿ ಗಂಟು ಕಟ್ಟಿದೆಯಂತೆ. ಚಳಿಯಲ್ಲಿ, ಮಳೆಯಲ್ಲಿ, ಅಷ್ಟು ಹೊತ್ತು ಕೂಗಿದ್ದಕ್ಕೆ. ಈಗ ಮಾತು ಹೊರಡುತ್ತದೆ, ತುಕ್ಕು ಹಿಡಿದ ಬಾಗಿಲಿನ ಹಾಗೆ. ಆಪರೇಷನ್ ಮಾಡಿದರೂ ಮೊದಲಿನ ದನಿ ಬರುತ್ತದೆ ಎಂದು ಹೇಳಲು ಆಗುವುದಿಲ್ಲ ಎಂದರು. ಹೌದು, ಲೇಬಲ್ ಟೇಬಲ್ಲಿಗೆ ಹಾಕಿದ್ದಾರೆ. ಎಂಟು ಗಂಟೆ ತಾರೀಕು ಸರಿಯಾಗಿ ಅಚ್ಚಾಗಿದೆಯಾ ಎಂದು ನೋಡುವುದು. ನನ್ನ ಲೈನಿಗೆ ಹೊಸದಾಗಿ ಬಂದವಳು ಸೀಟಿ ಊದುತ್ತಾಳೆ. ನನಗೆ ಅಳು ಬರುತ್ತದೆ ನೀಲೂ, ಸುಳ್ಳು ಯಾಕೆ ಹೇಳಲಿ.

ನಿನ್ನ ರೂಮನ್ನು ಮಂಗಳವಾರ ಕೆಡವಿದರು. ಬಾಗಿಲ ಹಿಂದೆ ಶಿಫ್ಟ್ ಬಸ್ಸಿನ ಟೈಮುಗಳನ್ನು ಇದ್ದಿಲಿನಲ್ಲಿ ಬರೆದಿದ್ದೆಯಲ್ಲ, ಆ ಗೋಡೆ ಎರಡೇ ಏಟಿಗೆ ಬಿತ್ತು. ಸುತ್ತಿಗೆ ಹಿಡಿದಿದ್ದ ಮಲಕಪ್ಪ ಎಂಬವನು ನಿಮ್ಮ ಕಡೆಯವನೇ. ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ, "ಯಾಕ್ರೀ ಅಕ್ಕಾರ, ಇದು ನಿಮ್ದ ಮನಿ ಅಲ್ಲೇನ್ರೀ? ಹೊಸಾದು ಏಳತೈತಲ್ಲ" ಎಂದ. ಗಂಟಲು ಮುಟ್ಟಿ ತೋರಿಸಿ ಒಳಗೆ ಹೋದೆ. ದನಿ ಸರಿಯಿಲ್ಲದ್ದು ಒಳ್ಳೆಯದೇ ಆಯಿತು.

ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ವನಜಾ


ವರ್ತೂರು
25 ಆಗಸ್ಟ್ 2025

ನೀಲೂ,

ಒಬ್ಬಟ್ಟಿನ ಡಬ್ಬಿಯನ್ನು ಫಳಫಳ ತೊಳೆದು ಇಟ್ಟಿದ್ದೀಯ. ಒಳಗೆ ಒಂದು ಸಾಲು ಇರಬಹುದು ಎಂದು ಮೂರು ಸಲ ಮುಚ್ಚಳ ತೆಗೆದು ನೋಡಿದೆ.

ನಿನ್ನೆ ಭಾನುವಾರ ನಾನು ಒಬ್ಬಳೇ ಬಸ್ಸು ಹಿಡಿದು ಹದ್ದಿನಕಲ್ಲಿಗೆ ಹೋಗಿದ್ದೆ. ನೀನು ಹೊದ್ದು ಬಂದಿದ್ದ ಕಂಬಳಿ ಕಾರಿನಲ್ಲೇ ಉಳಿದು ನಮ್ಮ ಮನೆಗೆ ಬಂದಿತ್ತು. ಅದನ್ನು ಕೊಟ್ಟುಬರುವ ನೆಪ. ಚಿಕ್ಕಮುನಿಯಪ್ಪನವರು ಗುರುತು ಹಿಡಿದರು. ನನ್ನ ಮುಖವನ್ನಲ್ಲ, ಕಂಬಳಿಯನ್ನು. ಕಳೆದುಹೋಗಿದ್ದ ಮೇಕೆ ಮಾರನೆಯ ದಿನ ತಾನೇ ಬಂತಂತೆ, ನಿನಗೆ ಹೇಳಬೇಕಂತೆ.

ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲದಲ್ಲಿ ವಾಪಸ್ ಬಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಯಾರ ಜತೆ ಬಂದ್ಯವ್ವ ಅಂತ ಕೇಳ್ದೆ. ಒಬ್ಳೇ ಬಂದೆ ಅಂದ್ಳು. ರೋಡ್ನಾಗೆ ಯಾರೋ ಕೂಗ್ತಿದ್ದದ್ದು ನಂಗೂ ಕೇಳುಸ್ತು. ನಿನ್ನೇ ಏನವ್ವ ಕರೀತಿರೋದು ಅಂದೆ. ಅಲ್ಲ ತಾತ ಅಂದ್ಳು. ಅಂಗಾದ್ರೆ ನಮಗ್ಯಾಕೆ ಅಂತ ನಾನೂ ಸುಮ್ಕೆ ಒಲೆ ಮುಂದೆ ಕುಂತೆ."

ಅವರಿಗೆ ಒಂದು ಕಿವಿ ಪೂರ್ತಿ ಕೇಳುವುದಿಲ್ಲ. ಅಂಥವರಿಗೇ ಕೇಳಿಸಿದೆ. ಅವರನ್ನು ರಸ್ತೆಗೆ ಕಳಿಸಿ, ನನ್ನ ಹೆಸರು ಕೂಗಿ ಎಂದು ಹೇಳಿ, ನಾನು ಒಲೆಯ ಮುಂದೆ ನೀನು ಕೂತಿದ್ದ ಜಾಗದಲ್ಲಿ ಕೂತೆ. ಕಿವಿಯ ಹತ್ತಿರ ಬಂದು ಕರೆದ ಹಾಗೆ ಕೇಳಿಸಿತು. ಆವತ್ತು ಮಳೆ ಇತ್ತು ಎಂದು ನೀನು ಬರೆದಿದ್ದೀಯ. ಆರೂವರೆಗೆಲ್ಲ ಮಳೆ ನಿಂತು ನಾವು ಕೊಡೆ ಮಡಚಿದ್ದೆವು ಎಂದು ನನಗೆ ನೆನಪು. ನನ್ನ ನೆನಪೇ ತಪ್ಪಾ? ಅವರು ಹೇಳಿದ್ದು ಬೇರೆ ಯಾವಳೋ ಹುಡುಗಿಯ ವಿಷಯವಾ? ಬೇರೆ ಹುಡುಗಿಯಾಗಿದ್ದರೆ ಚೆನ್ನಾಗಿತ್ತು.

ಏನಾದರೂ ಬರೆ. ಬೈದಾದರೂ ಬರೆ.

ವನಜಾ


ಚಂದಾಪುರ
3 ಸೆಪ್ಟೆಂಬರ್ 2025

ವನಜಾ,

ನನ್ನ ಬೆನ್ನ ಹಿಂದೆ ಅಜ್ಜನ ಬಾಯಿ ಬಿಡಿಸಲು ಹೋಗಿದ್ದೀಯ. ಹೋಗು. ಮೇಕೆ ಸಿಕ್ಕಿದ್ದು ಒಳ್ಳೆಯದಾಯಿತು.

ನಾನು ರಾಜೀನಾಮೆ ಕೊಟ್ಟಿದ್ದೇನೆ. ಈ ತಿಂಗಳು ಮೂವತ್ತು ಕೊನೆಯ ದಿನ. ಪೀಣ್ಯದಲ್ಲಿ ಬೇರೆ ಕೆಲಸ ಗೊತ್ತಾಗಿದೆ. ಊರಿನ ಆ ತುದಿ. ಮೂವತ್ತಕ್ಕೆ ಬೀಗದ ಕೈ ವಾಪಸ್ ಕೊಡಬೇಕು, ಆಮೇಲೆ ನಮ್ಮ ಲಾಕರಿಗೆ ಬೇರೆ ಯಾರೋ ಬರುತ್ತಾರೆ.

ನಿನ್ನ ಹತ್ತಿರ ಹೇಳಬೇಕಾದ್ದು ಒಂದಿದೆ ಎಂದು ನನಗೆ ಅನ್ನಿಸುತ್ತದೆ. ನನ್ನ ಹತ್ತಿರವೂ ಒಂದಿದೆ. ನಾನು ಮೊದಲು ಹೇಳುವವಳಲ್ಲ. ಹಾಗೆ ಇರಬಾರದು ಎಂದು ಗೊತ್ತಿದೆ, ಆದರೂ ಆಗುತ್ತಿಲ್ಲ. ಮೂವತ್ತರೊಳಗೆ ನೀನು ಹೇಳದಿದ್ದರೆ ಇಬ್ಬರೂ ಹೇಳದೆಯೇ ಮುಗಿಯುತ್ತದೆ.

ನೀಲಾಂಬಿಕಾ


ವರ್ತೂರು
17 ಸೆಪ್ಟೆಂಬರ್ 2025

ನೀಲೂ,

ನಿನ್ನ ಬಿಲ್ಲೆ ಹಾಕಿದ್ದು ನಾನು.

ಈ ಒಂದು ಸಾಲು ಬರೆಯಲು ಎರಡು ವಾರ ಹಿಡಿಯಿತು. ಎಷ್ಟು ಕಾಗದ ಹರಿದೆ ಎಂದರೆ, ಯಾರಿಗೆ ಬರೀತಿದ್ದೀಯ ಎಂದು ಅಮ್ಮ ಅನುಮಾನದಿಂದ ನೋಡತೊಡಗಿದಳು.

ಹತ್ತುವಾಗ ಜೇಬಿಲ್ಲ ಎಂದು ನೀನು ನನ್ನ ಕೈಗೇ ಕೊಟ್ಟೆ. ನನಗೆ ಯಾವತ್ತೂ ಮರೆತಿರಲಿಲ್ಲ. ಕೆಳಗೆ ಬಂದು ನನ್ನ ನೂರ ಹನ್ನೆರಡನ್ನು ದಾರಕ್ಕೆ ಹಾಕಿದೆ. ಆಮೇಲೆ ನಿನ್ನದು ಕೈಗೆ ಬಂತು. ಅಭ್ಯಾಸದಿಂದ ಹಾಕಿದೆ ಎಂದು ಮೂರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಹಾಲಿನ ಬಾಗಿಲಲ್ಲಿ ಹಾಕುವುದು ಹಾಗೇ ಅಲ್ಲವಾ, ಮಾತಾಡುತ್ತಾ ಮಾತಾಡುತ್ತಾ. ಆದರೆ ಅಲ್ಲಿ ನನ್ನ ಕೈ ಒಂದು ದಿನವೂ ತಡೆದಿಲ್ಲ. ಆವತ್ತು ತಡೆಯಿತು. ತಿರುಗಿ ಬೆಟ್ಟದ ಕಡೆ ನೋಡಿದೆ. ನೀನು ಕಾಣಲಿಲ್ಲ. ಓನರ್ ಮಗಳು ಎಂದವಳಿಗೋಸ್ಕರ ಎಲ್ಲರೂ ನೆನೆಯುತ್ತಾ ಕಾಯಬೇಕಾ ಅನ್ನಿಸಿತು. ಹಾಕಿಬಿಟ್ಟೆ. ಕಾರು ಹೇಗೂ ಕೊನೆಗೆ ಹೊರಡುತ್ತದೆ, ಅಷ್ಟರಲ್ಲಿ ಬರುತ್ತಾಳೆ, ನನ್ನ ಮುಖ ನೋಡದೆ ಅದರಲ್ಲೇ ಬರಲಿ ಅಂದುಕೊಂಡು ಟೆಂಪೊ ಹತ್ತಿ ಕೂತೆ.

ನಿನ್ನನ್ನು ಬಿಟ್ಟು ಹೋಗಲಿ ಎಂದು ಹಾಕಲಿಲ್ಲ, ಅಮ್ಮನಾಣೆ. ಆದರೆ ನೀನು ಬಂದಿಲ್ಲ ಎಂದು ಗೊತ್ತಿದ್ದೇ ಹಾಕಿದೆ. ಇವೆರಡರ ನಡುವೆ ಏನಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಒಂದು ದಿನ ನಾನು ಬರೀ ಮರೆಗುಳಿ, ಇನ್ನೊಂದು ದಿನ ನಾನು ಕೊಲೆಗಾತಿ.

ಚೀಟಿ ಹಿಡಿದು ಎಲ್ಲರನ್ನೂ ಕೇಳಿದೆನಲ್ಲ, ಅದು ಇನ್ನೂ ನಾಚಿಕೆಗೇಡು. ಯಾರಾದರೂ ತಪ್ಪಾಗಿ ನೆನಪಿಸಿಕೊಂಡು, ಅಯ್ಯೋ ನಾನೇ ಹಾಕಿದೆ ಎಂದುಬಿಡಲಿ ಎಂದು ಕಾಯುತ್ತಿದ್ದೆ. ಪಾಪ ಪರಮಾನಂದ ಸ್ವಲ್ಪ ಹೊತ್ತು ಯೋಚಿಸುತ್ತಾ ನಿಂತಾಗ ನನಗೆ ಎಷ್ಟು ಆಸೆಯಾಯಿತು ಗೊತ್ತಾ.

ಗಂಟಲು ಹೋದದ್ದು ಸರಿಯೇ ಅನ್ನಿಸುತ್ತದೆ. ಕಾಗದದ ಜೊತೆ ನಿನ್ನ ಬಿಲ್ಲೆ ಇಟ್ಟಿದ್ದೇನೆ. ಆವತ್ತು ರಾತ್ರಿ ದಾರದಿಂದ ಬಿಚ್ಚಿಕೊಂಡಿದ್ದೆ, ಅಂದಿನಿಂದ ನನ್ನ ಪರ್ಸಿನಲ್ಲೇ ಇತ್ತು. ಇನ್ನು ಮೇಲೆ ಪೀಣ್ಯದಲ್ಲಾಗಲಿ ಎಲ್ಲಾಗಲಿ, ನಿನ್ನದನ್ನು ಬೇರೆಯವರ ಕೈಗೆ ಕೊಡಬೇಡ.

ವನಜಾ


ಚಂದಾಪುರ
29 ಸೆಪ್ಟೆಂಬರ್ 2025

ವನಜಾ,

ಹನ್ನೆರಡು ದಿನ ನಿನ್ನನ್ನು ಕಾಯಿಸಿದೆ. ಕಾಯಿಸುವುದು ನನಗೆ ಅಭ್ಯಾಸ ಎಂದು ಈ ಕಾಗದ ಓದಿದ ಮೇಲೆ ನಿನಗೇ ತಿಳಿಯುತ್ತದೆ.

ನಿನ್ನ ಕೈಗೇ ಕೊಟ್ಟದ್ದು ಎಂದು ನನಗೂ ಗೊತ್ತಿತ್ತು. ಕಲಸಿಹೋಗುತ್ತದೆ ಎಂದು ಬರೆದದ್ದು ಅರ್ಧ ನಿಜ. ಕಲಸಿಹೋಗಲಿ ಎಂದು ನಾನೇ ಕಲಸುತ್ತಿದ್ದೆ. ಬೇರೆ ಯಾರೇ ಹಾಕಿದ್ದರೂ ತಡೆದುಕೊಳ್ಳುತ್ತಿದ್ದೆ.

ಈಗ ನನ್ನದು. ನೀನು ಕರೆದದ್ದು ನನಗೆ ಕೇಳಿಸಿತ್ತು.

ಯಾರ ಜೊತೆ ಬಂದೆ ಎಂದು ಅಜ್ಜ ಕೇಳಿದಾಗ ಒಬ್ಬಳೇ ಎಂದೆ. ಸಿಟ್ಟಿಗಲ್ಲ, ನಾಚಿಕೆಗೆ. ನನ್ನ ಜೊತೆ ಬಂದವರು ನನ್ನನ್ನು ಬಿಟ್ಟು ಹೋದರು ಎಂದು ಗುರುತಿಲ್ಲದವರ ಒಲೆಯ ಮುಂದೆ ಕೂತು ಹೇಗೆ ಹೇಳುವುದು? ಆಮೇಲೆ ನಿನ್ನ ದನಿ ಬಂತು. ಮೊದಲನೆಯ ಕೂಗಿಗೇ ಎದ್ದೆ. ಬಾಗಿಲವರೆಗೂ ಹೋದೆ. ನಿನ್ನ ಕೈ ತಡೆಯಿತು ಎಂದು ಬರೆದಿದ್ದೀಯಲ್ಲ, ನನ್ನ ಕಾಲೂ ತಡೆಯಿತು. ಬಾಡಿಗೆಯವಳನ್ನು ಇನ್ನೂ ಹತ್ತು ಸಲ ಕರೆಯಲಿ ಅನ್ನಿಸಿತು. ವಾಪಸ್ ಬಂದು ಕೂತು ಎಣಿಸಿದೆ. ಹತ್ತಾಯಿತು. ಇನ್ನೂ ಹತ್ತು ಎಂದುಕೊಂಡೆ. ನೀನು ಕರೆಯುವುದನ್ನು ಕೇಳಲು ನನಗೆ ಹಿತವಾಗಿತ್ತು ವನಜಾ. ಅಷ್ಟು ಜೋರಾಗಿ ನನ್ನನ್ನು ಯಾರೂ, ಯಾವತ್ತೂ ಕರೆದಿರಲಿಲ್ಲ.

ಮೂವತ್ತನೇ ಕೂಗಿನ ಹೊತ್ತಿಗೆ ನಿನ್ನ ದನಿ ಒಡೆಯಿತು. ಆಗ ಹೊರಗೆ ಬರಬೇಕೆಂದು ನಿಜವಾಗಿ ಅನ್ನಿಸಿತು. ಆದರೆ ಈಗ ಬಂದರೆ ಇಷ್ಟು ಹೊತ್ತೂ ಕೇಳಿಸಿತ್ತು ಎಂದು ನಿನಗೆ ಗೊತ್ತಾಗುತ್ತದಲ್ಲ. ಆ ಹೆದರಿಕೆಗೆ ಕಂಬಳಿ ಎಳೆದುಕೊಂಡೆ. ನಲವತ್ತಾದ ಮೇಲೆ ದನಿಯೇ ಬರಲಿಲ್ಲ. ನೀನು ಸೋತು ನಿಲ್ಲಿಸಿದೆ ಎಂದುಕೊಂಡೆ. ನೀನು ಆಮೇಲೂ ಕೂಗುತ್ತಲೇ ಇದ್ದೆ, ಗಂಟಲಿನಿಂದ ಏನೂ ಬರುತ್ತಿರಲಿಲ್ಲ ಎಂದು ಹರ್ಷ ಆಮೇಲೆ ಹೇಳಿದ. ಅವನ ಟಾರ್ಚ್ ಮುಖಕ್ಕೆ ಬಿದ್ದಾಗ ಈಗತಾನೇ ಎದ್ದವಳ ಹಾಗೆ ಕಣ್ಣುಜ್ಜಿಕೊಂಡೆ.

ನಿನ್ನ ದನಿ ಹೋದದ್ದು ಕೇಳಿಸಿಕೊಂಡು ಕೂತವಳನ್ನು ಕರೆದು. ಸರಿಯೇ ಆಯಿತು ಎಂದು ನೀನು ಬರೆದ ಸಾಲನ್ನು ಓದಿದಾಗ ನನಗೆ ಅನ್ನ ಸೇರಲಿಲ್ಲ. ಸರಿಯಾಗಲಿಲ್ಲ. ನೀನು ಒಂದು ಕ್ಷಣ ತಡೆದೆ, ನಾನು ಒಂದು ಗಂಟೆ ತಡೆದೆ. ರಾಜೀನಾಮೆ ಕೊಟ್ಟದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ದಿನಾ ಲಾಕರ್ ತೆಗೆದರೆ ನಿನ್ನ ಟೋಪಿ ಕಾಣುತ್ತದೆ, ಅದನ್ನು ನೋಡಲು ನನಗೆ ಧೈರ್ಯವಿಲ್ಲ.

ನಾಳೆ ಯುನಿಟ್ಟಿನಲ್ಲಿ ಆಯುಧಪೂಜೆ ಇಟ್ಟುಕೊಂಡಿದ್ದಾರೆ. ಎರಡು ಗಂಟೆಗೆ ಗೇಟಿನ ಹತ್ತಿರ ತಮಟೆ, ಪಟಾಕಿ, ಕುಂಬಳಕಾಯಿ ಒಡೆಯುವ ಗದ್ದಲ. ಕೊನೆಯ ದಿನ ಎಂದು ಅರ್ಧ ಗಂಟೆ ತಡವಾಗಿ ಒಳಗೆ ಬರಲು ನನಗೆ ಅನುಮತಿ ಸಿಕ್ಕಿದೆ. ನಿಮ್ಮ ವರ್ತೂರು ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ನಾನು ನಿಂತಿರುತ್ತೇನೆ. ನೀನು ಬಂದು ಬಸ್ ಹತ್ತು, ನಿನ್ನ ಸೀಟಿನಲ್ಲಿ ಕೂತುಕೋ. ಬಾಯಿ ತೆರೆಯಬೇಡ, ಡಾಕ್ಟರು ಬೈಯುತ್ತಾರೆ. ನಾನು ಕೂಗುತ್ತೇನೆ. ನನಗೆ ನಿನ್ನಂಥ ದನಿ ಇಲ್ಲ, ಎಲ್ಲರೂ ನೋಡುತ್ತಾರೆ, ನೋಡಲಿ.

ನಲವತ್ತು ಸಲ ಕೂಗುತ್ತೇನೆ. ನಲವತ್ತರವರೆಗೂ ಕೇಳಿಸದವಳ ಹಾಗೆ ಮುಂದೆ ನೋಡುತ್ತಾ ಕೂತಿರು. ನಲವತ್ತೊಂದನೆಯದಕ್ಕೆ ಕಿಟಕಿಯಿಂದ ತಿರುಗಿ ನೋಡು.

ನಿನ್ನ
ನೀಲೂ